ಕಾಶೆವ್ವನ ಅಂಗಳ ನೀರು ಕುಡಿದ ಬಗೆ

ಗಗನದಲ್ಲಿ ಸೂರ್ಯನೊಬ್ಬ, ಹಳಿಯಾಳದಲ್ಲಿ ತಾವೊಬ್ಬರು ಎಂಬಂತೆ ಬೆಳಗುತ್ತಿರುವ ವಾಚನಾಲಯದ ಅಧ್ಯಕ್ಷ ಅಂದಾನೆಪ್ಪನವರೇ, ಮುಂಬಯಿ ಇಲಾಖೆಯ ಯಾವ ಮೂಲೆಯಲ್ಲಿ ಹಾರ ಎತ್ತಿದರೂ ಕೊರಳು ಒಡ್ಡುವ ಅತಿಥಿಗಳೇ, ಚಹಾ ಬರುತ್ತದೆಂಬ ಭರವಸೆಯಿಂದ ಅಲುಗದೆ ಕುಳಿತಿರುವ ಸಭಿಕರೇ,

ಒಂದು ಗುಂಡಿ ತೋಡಿದ್ದಕ್ಕೆ ನನಗೆ ಶಾಲು ಹೊದಿಸಿದ್ದೀರಿ. ಯುರೋಪಿನ ಯುದ್ಧದಲ್ಲಿ ಲಕ್ಷ ಜನ ಗುಂಡಿ ತೋಡುತ್ತಿದ್ದಾರೆ; ಅವರಿಗೆ ಯಾರು ಶಾಲು ಹೊದಿಸಿದರು? ಆದರೆ ನನ್ನ ಗುಂಡಿ ಸಾಮಾನ್ಯವಾದುದಲ್ಲ. ಅದು ಕುಡಿಯುತ್ತದೆ!

ನಮ್ಮ ದೊಡ್ಡವ್ವ ಕಾಶೆವ್ವನ ಹಂಚಿನ ಮಾಡಿನ ನೀರೆಲ್ಲ ಸೂರಿಗೆ ಕಟ್ಟಿದ ಸೀಳು ಬಿದಿರಿನ ದೋಣಿಯಲ್ಲಿ ಇಳಿಯುತ್ತದೆ. ಅಂಗಳವೋ, ಮೂವತ್ತು ವರ್ಷ ಬಡಿದು, ಸಾರಿಸಿ ಕಲ್ಲಾದದ್ದು. ಈ ವರ್ಷ ಆ ನೀರು ಪಕ್ಕದ ಮನೆಯ ದೌಲತಬಿಯವರ ಮಣ್ಣಿನ ಗೋಡೆಯ ಬುಡದಲ್ಲಿ ನಿಂತಿತು. ಗೋಡೆ ಉಬ್ಬಿತು. ಅದರ ಆಚೆ ಬದಿಗೇ ಅವರು ಮಲಗುವುದು.

"ಕಾಶೆವ್ವಾ, ನಿನ್ನ ನೀರು ನನ್ನ ಗ್ವಾಡಿ ತಿನ್ನಾಕತ್ತೈತಿ!"

"ಮಳಿ ನಾ ಕರಕೊಂಡ ಬಂದೇನೇನ? ಮ್ಯಾಲಿನಾಂವನ್ನ ಕೇಳ ಹೋಗ!"

ಅಷ್ಟೇ. ಮೂವತ್ತು ವರ್ಷ ಒಂದೇ ಬಾವಿಯ ನೀರು ಸೇದಿದವರು ಮಾತು ಬಿಟ್ಟರು. ಪಂಚಮಿಯ ಉಂಡೆ ಗೋಡೆ ದಾಟಲಿಲ್ಲ. ಸಭಿಕರೇ, ದೊಡ್ಡವ್ವ ತಾನೂ ಒಂದು ಉಂಡೆ ಮುಟ್ಟಲಿಲ್ಲ.

ಆಗ ನಾನು ಗುದ್ದಲಿ ಹಿಡಿದೆ. ಗೋಡೆಯಿಂದ ಹನ್ನೆರಡು ಮೊಳ ದೂರದಲ್ಲಿ ಎದೆಮಟ್ಟ ಗುಂಡಿ, ಅಲ್ಲಿಯವರೆಗೆ ಸಣ್ಣ ಕಾಲುವೆ. ಗಟ್ಟಿ ಮಣ್ಣಿನ ಕೆಳಗೆ ನೀರು ಇಂಗುವ ಸಡಿಲು ಗರಸು ಸಿಕ್ಕಿತು. ತುಂಬಲು ಕಲ್ಲು ತರಲು ಹೋದೆ. ಬಂದು ನೋಡಿದರೆ ಗುಂಡಿ ಥಳಥಳ ಹೊಳೆಯುತ್ತಿದೆ! ದೊಡ್ಡವ್ವ ಏಣಿ ಇಟ್ಟು ಇಳಿದು, ತಳಕ್ಕೂ ಸುತ್ತಲೂ ಕೆಮ್ಮಣ್ಣು ಮೆತ್ತಿ, ಸೆಗಣಿ ಸಾರಿಸಿ, ರಂಗೋಲಿಯನ್ನೂ ಬಿಟ್ಟಿದ್ದಳು.

"ಬರೇ ಗುಂಡಿ ಮನಿ ಮುಂದ ಇರಬಾರದೋ ಉಳವ್ಯಾ. ಬಂದವರು ಏನ ಅಂದಾರು?"

ಅಷ್ಟರಲ್ಲಿ ಮಳೆ. ಗುಂಡಿ ಹಂಡೆಯಂತೆ ತುಂಬಿ, ಉಕ್ಕಿ, ನೀರು ಮತ್ತೆ ಗೋಡೆಗೇ ಹೋಯಿತು. ಬುಟ್ಟಿಯಷ್ಟು ಮಣ್ಣು ಕಳಚಿತು. ದೌಲತಬಿ ಈ ಸಲ ಬೈಯಲಿಲ್ಲ, ಅತ್ತರು. ಆ ಅಳು ಕೇಳಿ ದೊಡ್ಡವ್ವನೇ ಗುಂಡಿಗಿಳಿದು ನನ್ನ ಜೊತೆ ಸಾರಣೆ ಕೆರೆದಳು.

ಕಲ್ಲು, ಒಡಕು ಹಂಚು, ಮೇಲೆ ಮರಳು ತುಂಬಿದೆವು. ಮರುದಿನ ನೀರು ಬಂತು, ಸುತ್ತಿತು, ಗುಳುಗುಳು ಎಂದಿತು, ಹೋಯಿತು! ಮತ್ತೆ ಬಂತು, ಮತ್ತೆ ಹೋಯಿತು! ಎಲ್ಲಿಗೆ? ಭೂಮಿಯ ಹೊಟ್ಟೆಗೆ! ದೌಲತಬಿ ಕೊಡೆ ಹಿಡಿದು ಬಂದು ನಿಂತರು.

"ಹೋತಲ್ಲಬೇ ಎಲ್ಲಾ!"

"ಇನ್ನೂ ಕುಡೀತೈತಿ ನೋಡ," ಎಂದಳು ದೊಡ್ಡವ್ವ, ಗುಂಡಿಯನ್ನು ತಾನೇ ಹೆತ್ತವಳಂತೆ. ಆಮೇಲೆ ಮೆಲ್ಲಗೆ, "ಒಳಗ ಬಾ. ತೊಯ್ಸಿಕೊಂಡೀ."

ಇಂದು ಈ ಊರಿನ ಹನ್ನೊಂದು ಅಂಗಳಗಳು ನೀರು ಕುಡಿಯುತ್ತಿವೆ!

ಇಷ್ಟಕ್ಕೇ ಕುಳಿತುಕೊಳ್ಳಬಹುದಿತ್ತು. ಆದರೆ ಅವರಿಬ್ಬರೂ ಮುಂದಿನ ಸಾಲಿನಲ್ಲಿ ಒಂದೇ ಜಮಖಾನೆಯ ಮೇಲೆ ಕುಳಿತು ನನ್ನನ್ನು ನೋಡಿ ಹಿಗ್ಗುತ್ತಿದ್ದಾರೆ. ಹೇಳದೆ ಇರಲಾರೆ. ಆ ದೋಣಿಯ ಬಾಯಿ ಪ್ರತಿ ವರ್ಷ ಹಿತ್ತಲ ಬಾಳೆಯ ಕಡೆಗಿರುತ್ತಿತ್ತು. ದೌಲತಬಿಯವರ ಹುಂಜ ದಿನಾ ನಸುಕಿನಲ್ಲಿ ಗೋಡೆ ಏರಿ ನನ್ನ ನಿದ್ದೆ ಕೆಡಿಸುತ್ತಿತ್ತು. ಅದರ ತಲೆಗೆ ನೀರು ಬೀಳಲೆಂದು ಈ ವರ್ಷ ದೋಣಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕಟ್ಟಿದವನು ನಾನೇ. ಮರಳಿ ಬಾಳೆಯ ಕಡೆಗೆ ತಿರುಗಿಸಿದ್ದರೆ ಗೋಡೆಗೆ ಒಂದು ಹನಿಯೂ ಬರುತ್ತಿರಲಿಲ್ಲ.

ತಾಳ್ಮೆಯಿಂದ ಕೇಳಿದ್ದಕ್ಕೆ ಉಪಕಾರ. ದೊಡ್ಡವ್ವ ಎದ್ದು ನಿಂತಿದ್ದಾಳೆ; ಆದ್ದರಿಂದ ಹಿಂಬಾಗಿಲಿನಿಂದಲೇ ಎಲ್ಲರಿಗೂ ನಮಸ್ಕಾರ.