ಕ್ರೂಕ್ ಮನೆಯ ಲೈನು

ಅಲ್ಲ, ಬನ್ನು ಮುಟ್ಟಲೇ ಇಲ್ಲವಲ್ಲ ನೀವು! ತಗೊಳ್ಳಿ ಓಟಿಲಿಯಾ, ಏಲಕ್ಕಿ ಹಾಕಿ ಮಾಡಿದ್ದು, ನಿಮಗೇ ಅಂತ ತರಿಸಿದೆ. ಹತ್ತೊಂಬತ್ತು ವರ್ಷ ನನ್ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು ನೀವು. ಡೈರೆಕ್ಟರು ಕೈಯಾರೆ ಕಾಫಿ ಬಗ್ಗಿಸಿದ್ರೆ ಗಾಬರಿಯಾಗ್ಬೇಕಾ? ಕುಡೀರಿ... ಹಾಂ, ನಾಳೆಯ ಸಭೆ. ನನ್ನ ಭಾವಚಿತ್ರ ಗೋಡೆಗೆ ಹಾಕ್ತಾರೆ. ಆಗ ಆ ಮುದುಕ ಸೆವೆರಿನ್ ಕ್ರೂಕ್ ಎದ್ದು ನಿಂತು ಕೇಳ್ತಾನಂತೆ, ‘ಆವತ್ತು ನನ್ನ ಹೆಂಡ್ತಿ ಫೋನ್ ಮಾಡಿದ್ಲಾ, ಇಲ್ವಾ?’ ಕೇಳ್ಲಿ! ನೀವು ಒಂದೇ ಮಾತು ಹೇಳಿ. ‘ಲೈನು ಜೋಡಿಸೋ ಬೋರ್ಡಿನ ಮುಂದೆ ನಾನೇ ಇದ್ದೆ, ಯಾರೂ ಕರೀಲಿಲ್ಲ.’ ಅಷ್ಟೇ, ಮುಗೀತು.

ಯಾಕೆ ಮುಖ ಹಾಗೆ ಮಾಡ್ತೀರಿ? ಕ್ರೂಕ್ ಮೇಲೆ ಕನಿಕರವಾ? ಅಯ್ಯೋ ತಾಯಿ! ಎಂಥ ಮನುಷ್ಯ ಅವನು ಗೊತ್ತಾ? ಊರಿನ ಮೊದಲ ಟೆಲಿಫೋನ್ ಕಂಪನಿ ಅವನದು. ನಾನು ಅವನ ಹತ್ರ ತಂತಿ ಎಳೆಯೋ ಆಳು. ಈ ವೆಸ್ಟರ್‌ವಿಕ್ ಊರಲ್ಲಿ ನಾನು ಹತ್ತದ ಸೂರಿಲ್ಲ, ಹಿಮದಲ್ಲಿ ಬೆರಳು ಮರಗಟ್ಟೋವರೆಗೂ! ಒಂದು ದಿನ ಹೋಗಿ, ಎಕ್ಸ್‌ಚೇಂಜ್ ನೋಡ್ಕೊಳ್ಳೋ ಕೆಲಸ ನನಗೆ ಕೊಡಿ ಸ್ವಾಮಿ ಅಂತ ಕೇಳ್ದೆ. ಊಟಕ್ಕೆ ಕೂತಿದ್ದ, ನೆಂಟರೆಲ್ಲ ಇದ್ರು. ‘ಕಂಬ ಹತ್ತೋನಿಗೆ ಕುರ್ಚಿ ಯಾಕೋ?’ ಅಂದ. ಎಲ್ಲರೂ ನಕ್ಕರು. ಎಲ್ಲರೂ! ಅವನ ಹೆಂಡ್ತಿ ಹೆಡ್ವಿಗ್ ಕೂಡ... ಇಲ್ಲ, ಅವಳು ನಗಲಿಲ್ಲ. ಇರ್ಲಿ ಬಿಡಿ.

ಆಮೇಲಿಂದು ನೀವೇ ನೋಡಿದ್ರಲ್ಲ! ನನ್ನದೇ ಕಂಪನಿ ಕಟ್ಟಿದೆ. ಮೊದಲು ಔಷಧಿ ಅಂಗಡಿಯವರನ್ನ ನನ್ನ ಕಡೆ ಎಳ್ಕೊಂಡೆ, ಆಮೇಲೆ ಮೀನಿನ ವ್ಯಾಪಾರದವರನ್ನ, ಆಮೇಲೆ ಡಾಕ್ಟರನ್ನ. ಊರಿಗೆಲ್ಲ ಇದ್ದ ಒಬ್ಬನೇ ಡಾಕ್ಟರು, ನನ್ನ ಲೈನಿನಲ್ಲಿ! ಬುದ್ಧಿ ಇದ್ದವರು ಮನೆಗೆ ಎರಡೆರಡು ಫೋನ್ ಹಾಕಿಸಿಕೊಂಡ್ರು, ಅವನದೊಂದು, ನನ್ನದೊಂದು. ಕ್ರೂಕ್ ಹಾಕಿಸಿಕೊಂಡನಾ? ಎಲ್ಲಿ ಬಂತು! ಜಂಬ! ಅವನ ಮನೆಯಿಂದ ನನ್ನ ಗಿರಾಕಿಗಳ ಹತ್ರ ಮಾತಾಡ್ಬೇಕು ಅಂದ್ರೆ ಎರಡು ಕಂಪನಿಗೂ ನಡುವೆ ಇದ್ದ ಆ ಒಂದು ಬೋರ್ಡೇ ಗತಿ, ಅಂದ್ರೆ ನೀವೇ ಗತಿ. ಅದಕ್ಕೇ ಕೈ ಹಾಕ್ದೆ. ‘ಇವತ್ತು ಮಧ್ಯಾಹ್ನ ಹನ್ನೆರಡರಿಂದ ಆ ಕಂಪನಿಯವರನ್ನ ಯಾರಿಗೂ ಜೋಡಿಸಕೂಡದು!’ ಅಂತ ಹುಕುಂ ಮಾಡ್ದೆ. ಆಹಾ, ಹೊಟ್ಟೆ ತಣ್ಣಗಾಯ್ತು ಕಣ್ರೀ. ಆರೇ ತಿಂಗಳಲ್ಲಿ ಅವನ ಕಂಪನಿ ಮಣ್ಣು ಮುಕ್ಕಿತು.

ಏನು ಹಾಗೆ ನೋಡ್ತೀರಿ? ಹೌದು, ಆವತ್ತು ಹನ್ನೆರಡಕ್ಕೆ ನಿಮ್ಮನ್ನ ಎಬ್ಬಿಸಿ ಮನೆಗೆ ಕಳಿಸ್ದೆ. ಅದು ನಮ್ಮಿಬ್ಬರಿಗೆ ಬಿಟ್ಟು ಇನ್ಯಾರಿಗೆ ಗೊತ್ತು? ಮೂರು ಗಂಟೆಗೆ ತಂತಿ ಕತ್ತರಿಸೋರು ಬರೋವರೆಗೂ ಬೋರ್ಡಿನ ಮುಂದೆ ನಾನೇ ಕೂತೆ. ಕ್ರೂಕ್ ಸೋತು ಗೋಗರೆಯೋದನ್ನ ಕಿವಿಯಾರೆ ಕೇಳ್ಬೇಕಿತ್ತು ನನಗೆ. ತಪ್ಪಾ? ಅವನು ಕರೀಲಿಲ್ಲ. ದೇವರಾಣೆ, ಅವನು ಕರೀಲೇ ಇಲ್ಲ!

ಮಾತಾಡಿ ಓಟಿಲಿಯಾ. ‘ಹಾಗಾದ್ರೆ ಯಾರು ಕರೆದ್ರು’ ಅಂತಾದ್ರೂ ಕೇಳಿ!... ಕೇಳಲ್ಲ. ಲೈನಿನಲ್ಲಿ ಹೆಡ್ವಿಗ್ ಇದ್ಲು, ನಾನು ಬಾಯಿ ಬಿಡಲಿಲ್ಲ. ಉಸಿರು ಬಿಗಿಹಿಡಿದು ಕೂತಿದ್ದೆ, ಗಂಡನನ್ನ ಕಳಿಸ್ಲಿ, ಅವನೇ ಬಂದು ಕೈಮುಗೀಲಿ ಅಂತ. ಅವನು ಊರಲ್ಲಿಲ್ಲ ಅಂತ ನನಗೇನು ಗೊತ್ತು? ಸಂಜೆಯೊಳಗೆ ಅವಳು ಸತ್ತೇ ಹೋಗ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ? ಎದೆ ಹಿಂಡ್ತಿದೆ, ಡಾಕ್ಟರಿಗೆ ಜೋಡಿಸು ಅಂದ್ಲು. ಮೂರು ಸಲ ಅಂದ್ಲು...

ಎದ್ರಾ? ಕೂತ್ಕೋ! ಕೂತ್ಕೋ ಅಂದೆ! ಅವಳು ಬೇಡಿದ್ದು ನನ್ನನ್ನಲ್ಲ ಕಣೇ. ಬೋರ್ಡಿನ ಮುಂದೆ ನೀನೇ ಇದ್ದೀಯ ಅಂದ್ಕೊಂಡಿದ್ಲು. ‘ಓಟಿಲಿಯಾ, ನಿನ್ನ ದಮ್ಮಯ್ಯ, ಮಾತಾಡೇ’ ಅಂತ ನಿನ್ನ ಹೆಸರು ಹಿಡಿದೇ ಕರೀತಿದ್ಲು, ಕೊನೇವರೆಗೂ.