ಸೂರ್ಯಕಾಂತಿ ಮಗುಚಿದ ರಾತ್ರಿ

ನನ್ನ ದೊಡ್ಡಮ್ಮನ ಮಗಳು, ಅಂದರೆ ಅಕ್ಕ, ಆ ರಾತ್ರಿ ಲ್ಯಾಬ್ ಮುಗಿಸಿ ನಡೆದೇ ಮನೆಗೆ ಹೊರಟಿದ್ದಳು. ದಾರಿಯಲ್ಲೊಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ, ಒಳಗೆ ತೊಟ್ಟು ನೀರಿಲ್ಲ. ಅದರ ಪಕ್ಕ ಬಂದಾಗ ಒಳಗಿಂದ ಸದ್ದು... ಟಿಣ್. ಚಿಮಟ ಗಾಜಿಗೆ ತಾಗಿದ ಸದ್ದು. ದಿನವಿಡೀ ಅದನ್ನೇ ಕೇಳಿ ಬೇಸತ್ತವಳು, ಗುರುತು ತಪ್ಪೋದುಂಟೇ?

ಆಮೇಲೆ ಪಿಸುಮಾತು.

"ತಲೆಕೆಳಗಾಗಿದೀವಿ ಅಮ್ಮಾ..."

ನಾನು ದೆವ್ವಕ್ಕಿಂತ ಕೆಟ್ಟ ಚಿಲಕಕ್ಕೆ ಹೆಚ್ಚು ಹೆದರುವವಳು. ಎಷ್ಟೋ ಊರಿನ ಬಾಡಿಗೆ ಕೋಣೆಗಳು ಕಲಿಸಿದ ಬುದ್ಧಿ ಅದು. ಆದರೂ ಈ ಮಾತು ಹೇಳುವಾಗ ದನಿ ತಾನಾಗಿ ತಗ್ಗುತ್ತೆ.

ಅಕ್ಕನ ಕೆಲಸ ಬಾಟಲಿಯಲ್ಲಿ ಗಿಡ ಬೆಳೆಸೋದು. ಹೊಲದ ಸೂರ್ಯಕಾಂತಿಗೆ ರೋಗ ಜಾಸ್ತಿ. ಕಾಡಿನದು ಗಟ್ಟಿ ಪಿಂಡ. ಎರಡಕ್ಕೂ ಸಂಬಂಧ ಕುದುರಿಸಿದರೆ ಕಾಳೇನೋ ಕಟ್ಟುತ್ತೆ, ಒಳಗಿನ ಭ್ರೂಣ ಮಾತ್ರ ಆಹಾರ ಸಿಗದೆ ಸಾಯುತ್ತೆ. ಅಷ್ಟರೊಳಗೆ ಕಾಳು ಸೀಳಿ, ಸಾಸಿವೆಗಿಂತ ಸಣ್ಣ ಆ ಜೀವವನ್ನು ಎತ್ತಿ, ಬಾಟಲಿಯ ಸಕ್ಕರೆ ಜೆಲ್ಲಿಯಲ್ಲಿ ಊರಬೇಕು. ಬೇರಿನ ತುದಿ ಕೆಳಗೆ. ಮೇಲಾದರೆ ಒಣಗಿತು ಅಂತಲೇ ಲೆಕ್ಕ.

ಕಾಡು ಗಿಡ ಕುಂಡದ ನೀರು ಹೆಚ್ಚಾಗಿ ಆಗಲೇ ಕೊಳೆತುಹೋಗಿತ್ತು. ಅವತ್ತು ಊರಿದ್ದು ಅದರ ಕೊನೆಯ ಹೂವಿನ ಕಾಳಿನ ಭ್ರೂಣಗಳು. ಅವೂ ಹೋದರೆ ಅಕ್ಕನ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಬಾವಿ ಹತ್ತಿರ ನಿಂತಾಗಲೇ ಅವಳಿಗೆ ಹೊಳೆಯಿತು. ತನ್ನ ಮೈಕ್ರೋಸ್ಕೋಪ್ ಕೆಟ್ಟು, ಬೇರು ಯಾವ ಕಡೆ ಅಂತ ನೋಡಲು ಪಕ್ಕದ ಕೋಣೆಯದನ್ನು ತಂದಿದ್ದಳು. ತನ್ನದರಲ್ಲಿ ನೇರ, ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತೆ... ಸುಸ್ತಿನಲ್ಲಿ ಅದೇ ಮರೆತಿತ್ತು.

ಕಾಲೆಳೆದುಕೊಂಡು ವಾಪಸ್ ಬಂದಳು.

"ಏನ್ ಮೇಡಂ, ಯಜಮಾನ್ರು ಬಾಗಿಲು ತೆಗೀಲಿಲ್ವಾ?" ಅಂದ ಕಾವಲುಗಾರ.

"ಬೀಗ ತೆಗಿಯಪ್ಪಾ. ನಗೋಕೆ ತ್ರಾಣ ಇಲ್ಲ."

ಭೂತಗನ್ನಡಿ ಹಿಡಿದು ನೋಡಿದಳು. ಒಂದೊಂದೂ ಉಲ್ಟಾ. ತಿರುಗಿಸಬೇಕಾದರೆ ಮುಚ್ಚಳ ತೆಗೆಯಬೇಕು. ಪಕ್ಕದಲ್ಲಿ ಬೆಂಕಿಯಿಲ್ಲದೆ ತೆಗೆದರೆ ಗಾಳಿ ಸೋಕಿ ಬೂಷ್ಟು ಗ್ಯಾರಂಟಿ. ಸ್ಪಿರಿಟ್ ದೀಪ ಹಚ್ಚಲು ಹೋದಳು. ಕಡ್ಡಿ ಮುರಿಯಿತು. ಇನ್ನೊಂದು... ಅದೂ ಮುರಿಯಿತು. ಸ್ಟೂಲಿನ ಮೇಲೆ ಕುಸಿದು ಮೇಜಿಗೆ ಹಣೆ ಹಚ್ಚಿದಳು.

ಆಗ ಬೆನ್ನ ಹಿಂದೆ... ಪಚ್.

ಜೆಲ್ಲಿಯೊಳಗಿಂದ ಬೆರಳು ಕಿತ್ತಂಥ ಸದ್ದು. ಪಚ್... ಪಚ್... ಒಂದಾದ ಮೇಲೆ ಒಂದು, ಬಾಟಲಿಯ ಸಾಲಿನ ಉದ್ದಕ್ಕೂ.

"ತಿರುಗಿ ನೋಡಲಿಲ್ವೇನೇ ಅಕ್ಕಾ?" ಅಂತ ಆಮೇಲೊಮ್ಮೆ ನಾನು ಕೇಳಿದೆ.

"ಹೆದರೋಕೂ ಮೈಯಲ್ಲಿ ಕಸುವು ಬೇಕು ಕಣೇ," ಅಂದಳು. "ಹಾಗೇ ನಿದ್ದೆ ಹತ್ತಿತು."

ಬೆಳಿಗ್ಗೆ ನೋಡಿದರೆ ಅಷ್ಟೂ ಭ್ರೂಣ ಸರಿಯಾಗಿ ಕೂತಿವೆ. ಬೇರು ಕೆಳಗೆ. ಜೆಲ್ಲಿಯ ಮೇಲೆ ಒಂದು ಗೀರಿಲ್ಲ.

ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವವಳು, "ನಿದ್ದೆಗಣ್ಣಲ್ಲಿ ನೀವೇ ತಿರುಗಿಸಿರ್ತೀರ, ಬಿಡಿ" ಅಂದಳಂತೆ. ಅವತ್ತು ಮಧ್ಯಾಹ್ನ ಬಸ್ಸಿಳಿದು ಸೂಟ್‌ಕೇಸ್ ಸಮೇತ ಲ್ಯಾಬಿಗೇ ಹೋದ ನಾನೂ ಅದನ್ನೇ ಅಂದೆ. ಅಕ್ಕ ಒಂದು ಬಾಟಲಿ ನನ್ನ ಕೈಗಿಟ್ಟು ಆಕಳಿಸಿದಳು.

ಮುಚ್ಚಳ ಮತ್ತು ಗಾಜು ಸೇರುವಲ್ಲಿ ಸುತ್ತಲೂ ಅಂಟುಪಟ್ಟಿ. ಪಟ್ಟಿಯ ಮೇಲೆ, ಮುಚ್ಚಳದಿಂದ ಗಾಜಿನವರೆಗೆ ಎಳೆದ ಅವಳ ಸಹಿ, ಹಿಂದಿನ ಸಂಜೆಯದು. ಎಲ್ಲ ಬಾಟಲಿಗೂ ಹಾಗೇ. ಉಗುರು ತೂರಿಸಿ ನಾನೇ ಪರೀಕ್ಷಿಸಿದೆ. ನಂಬಿದರೆ ನಂಬಿ... ಒಂದು ಪಟ್ಟಿಯೂ ಎದ್ದಿರಲಿಲ್ಲ. ಒಂದು ಸಹಿಯೂ ತುಂಡಾಗಿರಲಿಲ್ಲ.