ವೈಫೈ ತಂಗುದಾಣ

ಬಸ್ ತಂಗುದಾಣಕ್ಕೆ ಪುಕ್ಕಟೆ ವೈಫೈ ಬಂದಾಗಿನಿಂದ ಅಲ್ಲಿ ಕಾಲಿಡಲು ಜಾಗವಿಲ್ಲ. ಮೊಬೈಲಿನಲ್ಲಿ ಮುಳುಗಿದ್ದ ಗುಮಾಸ್ತನೊಬ್ಬನ ಕಿವಿಗೆ ಪಕ್ಕದ ಅತ್ತೆ ಸೊಸೆಯರ ಮಾತು ಬಿತ್ತು.

“ಈ ಬಸ್ಸೂ ನಿಲ್ಲಿಸ್ದೆ ಹೋದ್ನಲ್ಲೇ!”

“ಡ್ರೈವರ್‌ದೇನು ತಪ್ಪು ಅತ್ತೆ? ಇಲ್ಲಿರೋರೆಲ್ಲ ವೈಫೈಗೆ ಬಂದೋರು, ಯಾರೂ ಬಸ್ ಹತ್ತಲ್ಲ ಅಂತ ಅವ್ರಿಗೂ ಗೊತ್ತಾಗ್ಬಿಟ್ಟಿದೆ.”

“ಕಣ್ಣಿನ ಡಾಕ್ಟ್ರು ಹೊರಟುಹೋದ್ರೆ ನನ್ನ ಗತಿ?”

“ಆ ಕಂಬದ ಹತ್ರ ಬಿಸಿಲಲ್ಲಿ ನಿಂತ್ಕೊಳೋಣ ಬನ್ನಿ. ಆಗ ನಿಲ್ಲಿಸ್ತಾರೆ.”

“ಬಸ್ ಬೇಕಂದ್ರೆ ಬಸ್‌ಸ್ಟಾಪ್ ಬಿಟ್ಟು ಹೋಗ್ಬೇಕಾ? ಚೆನ್ನಾಗಿ ಉದ್ಧಾರ ಮಾಡಿದ್ರು! ಇವ್ರನ್ನ ನೋಡು, ಮುಖಕ್ಕೆ ನೀರೆರಚಿದ್ರೂ ತಲೆ ಎತ್ತಲ್ಲ.”

ಇಬ್ಬರೂ ಬಿಸಿಲಿಗೆ ನಡೆದರು. ಗುಮಾಸ್ತ ಒಳಗೊಳಗೇ ನಕ್ಕು ಮತ್ತೆ ವಿಡಿಯೊ ನೋಡತೊಡಗಿದ. ಮುಂದಿನ ಬಸ್ಸು ಕಂಬದ ಬಳಿ ನಿಂತು, ಅವರಿಬ್ಬರನ್ನು ಹತ್ತಿಸಿಕೊಂಡು ಹೊರಟುಹೋಯಿತು.

ಬೆಳಗಿನಿಂದ ಅವನು ಕಾಯುತ್ತಿದ್ದುದೂ ಅದೇ ಬಸ್ಸಿಗೆ.